ಹತ್ತಿಮತ್ತೂರಿನ ಮಂಜಿನ ಗುಡ್ಡೆ

ನಿವೃತ್ತಿ ಎಂಬ ಮಾತು ನನ್ನ ವಯಸ್ಸಿಗೆ ಒಪ್ಪುವುದಿಲ್ಲ. ತಲೆಯಲ್ಲಿ ಇನ್ನೂ ಒಂದು ಕೂದಲೂ ನರೆತಿಲ್ಲ. ಆದರೆ ಮದುವೆಯಾದ ಹೆಂಗಸು ಊರೂರು ತಿರುಗುವ ನೌಕರಿಯಲ್ಲಿ ಇರತಕ್ಕದ್ದಲ್ಲ ಎಂಬುದು ನಮ್ಮ ಕಚೇರಿಯ ನಿಲುವಾಗಿತ್ತು. ನಾನು ಮದುವೆಯಾದೆ. ಬೈರಿಗೆಯನ್ನೂ ಮಣ್ಣಿನ ಡಬ್ಬಿಗಳನ್ನೂ ಒಪ್ಪಿಸಿ, ಸಹಿ ಮಾಡಿ ಮನೆಗೆ ಬಂದೆ. ಅದರ ಬಗ್ಗೆ ಇಲ್ಲಿ ಹೆಚ್ಚು ಹೇಳುವುದಿಲ್ಲ. ಈಗ ಅದೇ ಕೆಲಸಕ್ಕೆ ಇಬ್ಬರು ಹುಡುಗಿಯರು ಸೇರಿದ್ದಾರೆಂದು ಕೇಳಿದೆ. ಪುಸ್ತಕದಲ್ಲಿ ಸಿಗದ ಕೆಲವು ಸಂಗತಿಗಳು ಅವರಿಗೆ ತಿಳಿದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಕೆಲಸ ಏನೆಂದರೆ ಇಷ್ಟೇ. ಹೊಲದ ಅಂಚಿನಲ್ಲಿ ಮರಗಳ ಸಾಲು ಇದ್ದರೆ ಗಾಳಿಯ ಬಿರುಸು ತಗ್ಗುತ್ತದೆ, ಗಾಳಿ ತಗ್ಗಿದರೆ ಮಣ್ಣಿನ ತೇವ ಬೇಗ ಆರುವುದಿಲ್ಲ ಎಂದು ತಿಳಿದವರು ಹೇಳುತ್ತಾರೆ. ನಮ್ಮ ಸೀಮೆಯಲ್ಲಿ ಇದು ನಿಜವೇ, ನಿಜವಾದರೆ ಮರದಿಂದ ಎಷ್ಟು ದೂರದವರೆಗೆ, ಮರದ ಬೇರು ತಾನೇ ಕುಡಿದುಬಿಡುವ ನೀರೆಷ್ಟು ಎಂಬುದನ್ನು ಹೊಲದಲ್ಲೇ ಅಳೆದು ನೋಡಬೇಕಿತ್ತು. ಬೈರಿಗೆಯಿಂದ ನೆಲ ಕೊರೆದು ಮಣ್ಣು ತೆಗೆಯುವುದು, ಡಬ್ಬಿಗೆ ತುಂಬಿ ತೂಗುವುದು, ಕಾವಿನ ಪೆಟ್ಟಿಗೆಯಲ್ಲಿ ಒಣಗಿಸಿ ಮತ್ತೆ ತೂಗುವುದು. ಎರಡು ತೂಕಗಳ ನಡುವೆ ಕಾಣೆಯಾದದ್ದೇ ಹೊಲದ ನೀರು. ಆ ನೀರಿಗೆ ನಮ್ಮ ಕಡೆಯ ರೈತರು ಹಸಿ ಎನ್ನುತ್ತಾರೆ. ನಾನು ಬರೆಯುವಾಗ ತೇವಾಂಶ ಎಂದು ಬರೆದೆ, ಮಾತಾಡುವಾಗ ಹಸಿ ಎಂದೇ ಕಲಿತೆ.

ನನ್ನನ್ನು ತೆಗೆದುಕೊಂಡದ್ದು ಧಾರವಾಡದ ಕಚೇರಿಯೊಳಗೆ ಕುಳಿತು ಮಣ್ಣು ಒಣಗಿಸುವುದಕ್ಕೆ. ರಸಾಯನಶಾಸ್ತ್ರದಲ್ಲಿ ಪದವಿ ಪಡೆದಿದ್ದೆ. ತಕ್ಕಡಿಯ ಮುಂದೆ ಸುಮ್ಮನೆ ಕೂರುವುದು ನನಗೆ ಹಿತವಾಗಿತ್ತು. ತಕ್ಕಡಿ ಯಾರ ಮಗಳು, ಯಾಕಿನ್ನೂ ಮದುವೆಯಿಲ್ಲ ಎಂದು ಕೇಳುವುದಿಲ್ಲ. ಅಷ್ಟರಲ್ಲಿ ಯುದ್ಧ ಬಂತು. ಊರುಗಳಿಗೆ ಹೋಗಿ ಮಣ್ಣು ತರುತ್ತಿದ್ದ ತರುಣ ಫೌಜಿಗೆ ಸೇರಿದ. ಬೇರೆ ಯಾರಾದರೂ ಸಿಗುವವರೆಗೆ ನೀವೇ ಹೋಗಿಬನ್ನಿ ಎಂದರು. ಬೇರೆ ಯಾರೂ ಸಿಗಲೇ ಇಲ್ಲ. ಅದು ನನ್ನ ಪುಣ್ಯ.

ನನ್ನ ಜೊತೆ ಕಚೇರಿಯ ಸಿಪಾಯಿ ಇಮಾಮಸಾಬರು ಬರುತ್ತಿದ್ದರು. ನನ್ನ ತಂದೆಗಿಂತ ಹಿರಿಯರು. ಬೈರಿಗೆಯನ್ನು ಹೆಗಲ ಮೇಲೆ ಬಂದೂಕಿನಂತೆ ಹೊತ್ತು ಮುಂದೆ ನಡೆಯುವರು. ನಾನು ಆಡದ ಮಾತನ್ನೆಲ್ಲ ಅವರೇ ಆಡುವರು. ಮೊದಲ ಸಲ ಹೊಲಕ್ಕಿಳಿದಾಗ ಬದುವಿನ ಮೇಲೆ ಕುಳಿತಿದ್ದ ಮುದುಕನೊಬ್ಬ ಕೇಳಿದ:

"ಸಾಬ್ರ, ಇವರು ಯಾವ ಸಾಲಿ ಅಕ್ಕಾರು?"

"ಸಾಲಿ ಕಲಸೋ ಅಕ್ಕಾರಲ್ಲೋ. ಡಾಕ್ಟರ ಬಾಯಿ. ಭೂಮಿತಾಯಿ ನಾಡಿ ನೋಡಾಕ ಬಂದಾರ."

"ಮತ್ತ ಆ ಹೆಗಲ ಮ್ಯಾಲಿಂದು?"

"ಅದು ಸೂಜಿ."

ಅಂದಿನಿಂದ ಆ ಊರಿನಲ್ಲಿ ನನಗೆ ಎದುರಾದವರೆಲ್ಲ, "ಅಕ್ಕಾರ, ನಮ್ಮ ಹೊಲಕ್ಕೂ ಒಂದು ಸೂಜಿ ಹಾಕಿ ಹೋಗ್ರಿ, ಭಾಳ ಸೊರಗೇತಿ" ಎನ್ನತೊಡಗಿದರು. ಅದು ಹಾಗಲ್ಲ ಎಂದು ಬಿಡಿಸಿ ಹೇಳಲು ನಾನು ಬಾಯಿ ತೆರೆಯುವಷ್ಟರಲ್ಲಿ ಇಮಾಮಸಾಬರು, "ಹಾಕೂಣ, ಹಾಕೂಣ, ಪಾಳಿ ಹಚ್ಚಿ ಬರ್ರಿ" ಎಂದು ಮುಂದೆ ನಡೆದುಬಿಡುತ್ತಿದ್ದರು. ಕೆಲಸಕ್ಕೆ ಸೇರುವವರು ಇದನ್ನು ನೆನಪಿಡಿ: ಹೊಲದವರು ನಿಮಗೊಂದು ಹೆಸರಿಟ್ಟರೆ ಅದನ್ನು ತಿದ್ದಲು ಹೋಗಬೇಡಿ. ಹೆಸರಿಟ್ಟವರು ಬೈರಿಗೆ ಊರಲು ಅಡ್ಡಿ ಮಾಡುವುದಿಲ್ಲ.

ನಮ್ಮ ದೊಡ್ಡ ತೊಂದರೆ ದಾರಿಯದಾಗಿತ್ತು. ಪೆಟ್ರೋಲು ಸಿಗದೆ ಬಸ್ಸುಗಳ ಬೆನ್ನಿಗೆ ಇದ್ದಲಿನ ಒಲೆ ಕಟ್ಟಿದ್ದ ಕಾಲ. ಹೊರಡುವ ಮೊದಲು ಒಲೆ ಹೊತ್ತಿಸಿ ಊದಬೇಕು. ಏರು ಬಂದರೆ ಎಲ್ಲರೂ ಇಳಿದು ನಡೆಯಬೇಕು. ಹೀಗೆ ಕೆಮ್ಮುತ್ತ ಬಸ್ಸು ಧಾರವಾಡ ಮುಟ್ಟುವ ಹೊತ್ತಿಗೆ ಡಬ್ಬಿಯೊಳಗಿನ ಹಸಿ ಅರ್ಧ ಆರಿರುತ್ತಿತ್ತು. ಹೊಲ ಹಿಡಿದಿಟ್ಟ ನೀರನ್ನು ನಾನು ರಸ್ತೆಗೆ ಚೆಲ್ಲುತ್ತ ಬರುತ್ತಿದ್ದೆ. ಮುಚ್ಚಳಕ್ಕೆ ಮೇಣ ಬಳಿದು ನೋಡಿದೆ, ಬಿಸಿಲಿಗೆ ಕರಗಿತು. ಕೊನೆಗೆ ಹೊಳೆದದ್ದು ಇಷ್ಟು: ಹಸಿ ಮಣ್ಣಿನ ತೂಕ ಆದಷ್ಟು ಹತ್ತಿರದಲ್ಲೇ ಆಗಿಬಿಡಬೇಕು, ಒಣಗಿಸುವುದು ಎಲ್ಲಿಯಾದರೂ ಆದೀತು. ಆದರೆ ಹೊಲದ ಹತ್ತಿರ ಅಷ್ಟು ಸೂಕ್ಷ್ಮವಾದ ತಕ್ಕಡಿ ಯಾರ ಬಳಿ ಇರುತ್ತದೆ?

ಅಕ್ಕಸಾಲಿಗರ ಬಳಿ ಇರುತ್ತದೆ. ಶಿಗ್ಗಾವಿಯ ಪೇಟೆಯಲ್ಲಿ ಮಾನಪ್ಪ ಪತ್ತಾರರ ಅಂಗಡಿ ಹೊಕ್ಕು, ಕೆಸರಿನ ಡಬ್ಬಿಗಳನ್ನು ಅವರ ಮುಂದಿಟ್ಟು, ತೂಗಬಹುದೇ ಎಂದು ಕೇಳಿದೆ. ಅವರು ಗಾಜಿನ ಪೆಟ್ಟಿಗೆಯೊಳಗಿನ ತಕ್ಕಡಿಯನ್ನೂ ಡಬ್ಬಿಗಳನ್ನೂ ನೋಡಿದರು. ಬಳಿಕ ತಟ್ಟೆಯ ಮೇಲೆ ಹಾಸಲು ಎರಡು ಚೂರು ತೆಳು ಕಾಗದ ಕತ್ತರಿಸಿದರು, ಎರಡೂ ಸರಿತೂಕ. ನನಗೆ ಅವರ ಮೇಲೆ ಅಂದೇ ಗೌರವ ಹುಟ್ಟಿತು. ಮೂಗುತಿ ಕೊಳ್ಳಲು ಬಂದಿದ್ದ ಹೆಂಗಸರು ಸುತ್ತ ನಿಂತರು.

"ಮಾನಪ್ಪಣ್ಣ, ಈಗ ಮಣ್ಣಾಗೂ ಬಂಗಾರ ಹುಡಕಾಕತ್ತೀಯೇನು?"

"ಇಲ್ಲವ್ವಾ. ಈ ಅಕ್ಕಾರು ನೀರು ತೂಗಾಕತ್ತಾರ."

"ನೀರು ತೂಗತಾರ? ಹಂಗಾರ ನಮ್ಮ ಹಾಲಿನವಗೂ ಸ್ವಲ್ಪ ಕಲಸ್ರಿ ಅಕ್ಕಾರ. ಅವ ತೂಗದನ ಹಾಕತಾನ."

ನಾನು ನಕ್ಕುಬಿಟ್ಟೆ. ಹೊರಗಿನವರ ಮುಂದೆ ಹಾಗೆ ನಕ್ಕದ್ದು ಅದೇ ಮೊದಲಿರಬೇಕು. ಆಮೇಲೆ ನಾಲ್ಕು ದಿಕ್ಕಿನಿಂದ ತಂದ ಮಣ್ಣನ್ನೂ ಅಲ್ಲಿಯೇ ತೂಗಿದೆವು, ಲೆಕ್ಕಗಳು ಒಂದಕ್ಕೊಂದು ಹೊಂದಲು ತೊಡಗಿದವು.

ಈಗ ಮೇಲಧಿಕಾರಿಗಳ ವಿಷಯ. ಪಾಟಣಕರ ಸಾಹೇಬರು ಮರಾಠಿಯವರು. ಕನ್ನಡವನ್ನು ಬಹಳ ಪ್ರೀತಿಯಿಂದ, ಬಹಳ ತಪ್ಪಾಗಿ ಆಡುತ್ತಿದ್ದರು; ರೈತನನ್ನು ತಮ್ಮ ಮರಾಠಿಯಲ್ಲಿ ಶೇತಕರಿ ಎನ್ನುತ್ತಿದ್ದರು. ಮರ ಕಂಡರೆ ಅವರಿಗೆ ಜೀವ. ಎಲ್ಲಿಂದಲೋ ಅವರ ಕೈಗೆ ಒಂದು ಇಂಗ್ಲಿಷ್ ಪುಸ್ತಿಕೆ ಬಂತು. ಚಳಿ ದೇಶದ ಬಯಲುಸೀಮೆಯಲ್ಲಿ ಹೊಲದ ಅಂಚಿಗೆ ಮರದ ಸಾಲು ಬೆಳೆಸಿ ಹೇಗೆ ಲಾಭ ಪಡೆಯುತ್ತಾರೆ ಎಂಬ ವಿಷಯ. ಅದನ್ನು ಕನ್ನಡದಲ್ಲಿ ಒಂದು ಹಾಳೆಯಷ್ಟು ಬರೆದುಕೊಡಿ, ಅಚ್ಚು ಹಾಕಿಸಿ ಊರೂರಿಗೆ ಹಂಚೋಣ ಎಂದರು.

ಪುಸ್ತಿಕೆಯ ಮುಖ್ಯ ಭಾಗವೇ ಹಿಮದ್ದು. ಆ ದೇಶಗಳಲ್ಲಿ ಚಳಿಗಾಲದಲ್ಲಿ ಹಿಮ ಬೀಳುತ್ತದೆ. ಬರಿ ಬಯಲಾದರೆ ಗಾಳಿ ಅದನ್ನು ಹೊಲದಿಂದ ಗುಡಿಸಿಕೊಂಡು ಹೋಗುತ್ತದೆ. ಮರದ ಸಾಲಿದ್ದರೆ ಗಾಳಿ ಸೋತು, ಹೊತ್ತು ತಂದ ಹಿಮವನ್ನು ಸಾಲಿನ ಮರೆಯಲ್ಲಿ ಇಳಿಸುತ್ತದೆ. ಅಲ್ಲಿ ಗುಡ್ಡೆ ಬಿದ್ದ ಹಿಮ ಬಿಸಿಲು ಬಂದಾಗ ಕರಗಿ ಮಣ್ಣಿಗಿಳಿಯುತ್ತದೆ. ಓದಲು ಬಹಳ ಚೆನ್ನಾಗಿತ್ತು. ಆದರೆ ನಮ್ಮಲ್ಲಿ ಹಿಮ ಎಲ್ಲಿದೆ? ಆ ಭಾಗ ಬಿಡೋಣವೇ ಎಂದು ಕೇಳಿದೆ.

"ಪೂರ್ತಿ ಬರೀರಿ ಬಾಯಿ. ಜಗತ್ತಿನ ಶೇತಕರಿ ಏನು ಮಾಡ್ತಾನ, ನಮ್ಮ ಶೇತಕರಿಗೆ ಗೊತ್ತು ಆಗಬೇಕು."

ಬರೆದೆ. ಅವರು ಓದಿ, ಹಿಮ ಎಂಬ ಶಬ್ದ ಬಂದಲ್ಲೆಲ್ಲ ಕೆಂಪು ಶಾಯಿಯಿಂದ ಹೊಡೆದರು.

"ಹಿಮ ಅಂದರೆ ಪುರಾಣದ ಶಬ್ದ. ಶೇತಕರಿ ಹಿಮಾಲಯಕ್ಕೆ ಹೋಗ್ತಾನ ಏನು? ಮಂಜು ಬರೀರಿ. ಮಂಜು ಎಲ್ಲರಿಗೆ ಗೊತ್ತು ಅದ."

ಎಲ್ಲರಿಗೂ ಗೊತ್ತಿದ್ದದ್ದೇ ತೊಂದರೆ. ನಮ್ಮ ಕಡೆ ಮಂಜು ಎಂದರೆ ಚಳಿಗಾಲದ ಮುಂಜಾನೆ ಹೊಲದ ಮೇಲೆ ಹೊಗೆಯಂತೆ ಕವಿದು, ಎಲೆಯ ಮೇಲೆ ಹನಿಯಾಗಿ ಕೂತು, ಬಿಸಿಲೇರಿದಾಗ ಹೋಗುವಂಥದ್ದು. ಹಿಂಗಾರಿ ಜೋಳಕ್ಕೆ ಅದು ಒಳ್ಳೆಯದು, ತೊಗರಿ ಹೂವಿಗೆ ಕೆಟ್ಟದ್ದು ಎಂಬುದು ರೈತರ ಅನುಭವ. ಇದನ್ನು ನಾನು ಸಾಹೇಬರಿಗೆ ಹೇಳಿದೆ. ಅವರು, "ಶೇತಕರಿ ಶಾಣ್ಯಾ ಇರ್ತಾನ, ಸಮಜಾಯಿಸಿಕೊಳ್ತಾನ" ಎಂದರು. ಹಾಳೆ ಹಾಗೆಯೇ ಅಚ್ಚಾಯಿತು: ಮರದ ಸಾಲು ಮಂಜನ್ನು ಹಿಡಿದು ತನ್ನ ಮಗ್ಗುಲಲ್ಲಿ ಗುಡ್ಡೆ ಹಾಕುತ್ತದೆ.

ಹಾನಗಲ್ಲಿನಲ್ಲಿ ಹಾಳೆ ಹಂಚಿದಾಗ ಭತ್ತದ ಗದ್ದೆಯವರೊಬ್ಬರು ಕಡೆಯವರೆಗೆ ಓದಿ, ಮಡಚಿ ಕಿಸೆಯಲ್ಲಿಟ್ಟುಕೊಂಡು ಹೇಳಿದರು: "ಅಕ್ಕಾರ, ಗದ್ದ್ಯಾಗ ನಿಂತ ನೀರು ಹೊರಗ ಹಾಕೋದ ನಮಗ ಸಾಕಾಗೇತಿ. ಅದರ ಮ್ಯಾಲೆ ಮಂಜಿನ ಗುಡ್ಡಿ ಬ್ಯಾರೆ ಹಾಕಸ್ತೀರೇನು?"

ಹಿರೇಕೆರೂರು ಕಡೆಯ ಚಿಕ್ಕೇರೂರಿನಲ್ಲಿ ಇನ್ನೂ ಬೇರೆ. ಅಲ್ಲೊಬ್ಬ ರೈತ ಹಾಳೆಯನ್ನು ಪೂರ್ತಿ ನಂಬಿದ್ದ. ಮುಂದಿನ ಸಲ ಹೋದಾಗ ನನ್ನನ್ನು ಹುಡುಕಿಕೊಂಡು ಬಂದ.

"ನಿಮ್ಮ ಕಾಗದ ಓದಿ ನಸುಕಿನ್ಯಾಗ ಎದ್ದು ಹೋಗಿ ನೋಡಿದ್ನಿರಿ. ನಮ್ಮ ಬದುವಿನ ಬೇವಿನ ಮರದ ಬುಡಕ್ಕ ಗುಡ್ಡಿ ಏನೂ ಇರಲಿಲ್ಲ."

ಕಾರಣವನ್ನೂ ಅವನೇ ಹೇಳಿದ. "ನನ್ನಕಿಂತ ಮೊದಲ ಯಾರರ ಒಯ್ದಿರಬೇಕ್ರಿ. ನಮ್ಮ ಊರ ಮಂದಿ ನಿಮಗ ಗೊತ್ತಿಲ್ಲ."

ಅವನ ಮುಖದಲ್ಲಿ ನಗೆಯ ಸುಳಿವೂ ಇರಲಿಲ್ಲ. ತಮಾಷೆ ಮಾಡಿದನೋ ನಿಜವಾಗಿ ಹೇಳಿದನೋ ನನಗೆ ಇಂದಿಗೂ ತಿಳಿಯದು. ಇಮಾಮಸಾಬರು ಮಾತ್ರ ಬೈರಿಗೆಯ ಹಿಡಿಗೆ ಹಣೆಯಿಟ್ಟು ಅಲುಗಾಡುತ್ತಿದ್ದರು.

ಇಷ್ಟೇ ಆಗಿದ್ದರೆ ನಗುವ ಮಾತೇ ಆಗಿರುತ್ತಿತ್ತು. ಆದರೆ ಹಾಳೆ ಹತ್ತಿಮತ್ತೂರಿಗೂ ಹೋಯಿತು.

ಸವಣೂರಿನಾಚೆಯ ಹತ್ತಿಮತ್ತೂರಿನಲ್ಲಿ ನನ್ನ ಅತ್ಯುತ್ತಮ ಸಾಲು ಇತ್ತು. ಎರಿ, ಅಂದರೆ ಕಪ್ಪು ಮಣ್ಣಿನ, ಹೊಲಗಳ ನಡುವೆ ತೆಂಕಣದಿಂದ ಬಡಗಣಕ್ಕೆ ನೆಟ್ಟಗೆ ಹಬ್ಬಿದ ಜಾಲಿ, ಬೇವಿನ ಹಳೆಯ ಸಾಲು. ಅಂಥ ಸಾಲು ನನಗೆ ಬೇರೆಲ್ಲೂ ಸಿಕ್ಕಿರಲಿಲ್ಲ. ಸಾಲೂ ಅದರ ಮೂಡಣ ಮಗ್ಗುಲಿನ ಹೊಲವೂ ಫಕ್ಕೀರಗೌಡರವು. ಪಡುವಣ ಮಗ್ಗುಲಿನ ತುಂಡು ಹೊಲ ನಿಂಗವ್ವನದು. ಅವಳ ಗಂಡ ಬಾಡಿಗೆ ಬಂಡಿ ಹೊಡೆಯುತ್ತ ಊರ ಹೊರಗೇ ಇರುತ್ತಿದ್ದ; ಹೊಲ ಅವಳ ಕೈಯಲ್ಲಿತ್ತು. ಚಳಿಗಾಲದಲ್ಲಿ ನಮ್ಮಲ್ಲಿ ಒಣ ಮೂಡಗಾಳಿ ಬೀಸುತ್ತದೆ. ಆಗ ಸಾಲಿನ ಮರೆ ಬೀಳುವುದು ಪಡುವಣಕ್ಕೆ, ಅಂದರೆ ನಿಂಗವ್ವನ ಹೊಲಕ್ಕೆ. ಆಷಾಢದ ಗಾಳಿ ಪಡುವಣದಿಂದ ಬರುತ್ತದೆ, ಆಗ ಮರೆ ಗೌಡರ ಹೊಲಕ್ಕೆ. ಎರಡೂ ಹಂಗಾಮಿನಲ್ಲಿ ಎರಡೂ ಕಡೆ ಮಣ್ಣು ತೆಗೆದಿದ್ದೆ. ಮರದ ಬುಡದ ಪಟ್ಟಿಯಲ್ಲಿ ಬೇರು ಎಲ್ಲವನ್ನೂ ಕುಡಿಯುತ್ತಿತ್ತು, ಅಲ್ಲಿ ಬೆಳೆ ಬಡಕಲು. ಅದನ್ನು ದಾಟಿದರೆ, ಮರದೆತ್ತರದ ಹಲವು ಪಟ್ಟು ದೂರದವರೆಗೆ ಹಸಿ ನಿಂತಿರುತ್ತಿತ್ತು. ಇನ್ನೊಂದು ವರ್ಷ ಅಳೆದರೆ ಇದನ್ನು ಧೈರ್ಯವಾಗಿ ಹೇಳಬಹುದಿತ್ತು. ಆಗಲೇ ಗೌಡರು ಸಾಲನ್ನು ಇದ್ದಲಿನ ಗುತ್ತೇದಾರನಿಗೆ ಕೊಟ್ಟುಬಿಟ್ಟಿದ್ದಾರೆ ಎಂಬ ಸುದ್ದಿ ಬಂತು. ಕಡಿದರೆ ನನ್ನ ಕೆಲಸ ಅಲ್ಲಿಗೇ ನಿಲ್ಲುತ್ತಿತ್ತು. ನಿಂಗವ್ವನ ಜೋಳ ಮೂಡಗಾಳಿಗೆ ಬಯಲಾಗುತ್ತಿತ್ತು.

ಗೌಡರ ಕಟ್ಟೆಗೆ ಹೋದೆ. ಇಮಾಮಸಾಬರಿಗೆ ಆ ದಿನ ಜ್ವರ, ಮಾತು ನಾನೇ ಆಡಬೇಕಿತ್ತು. ಗೌಡರು ಒಳಗಿನಿಂದ ಮಜ್ಜಿಗೆ ತರಿಸಿದರು.

"ಗೌಡ್ರ, ಸಾಲು ಕಡಸ್ತೀರಂತ ಕೇಳಿದೆ."

"ಹೌದ್ರಿ ಅಕ್ಕಾರ. ನಿಮ್ಮ ಕಾಗದ ಓದೇ ಕಡಸಾಕತ್ತೇನಿ."

ನನಗೆ ಅರ್ಥವಾಗಲಿಲ್ಲ. ಅವರು ಹಾಳೆಯನ್ನು ಗೂಡಿನಿಂದ ತೆಗೆದು ತೊಡೆಯ ಮೇಲಿಟ್ಟುಕೊಂಡರು.

"ಹೋದ ವರ್ಷ ಆ ಹೊಲದಾಗ ತೊಗರಿ ಹಾಕಿದ್ನಿ. ಹಳದಿ ಸೀರಿ ಹಾಸಿದಂಗ ಹೂವು. ಒಂದು ಮುಂಜಾನಿ ಮಂಜು ಕವೀತು, ಹೂವೆಲ್ಲಾ ನೆಲಾ ಹಿಡೀತು. ನನ್ನ ಹೊಲಾನ ಯಾಕ ಹುಡಿಕ್ಯೊಂಡು ಬಂತು ಅಂತ ಭಾಳ ತಲಿ ಕೆಡಿಸ್ಕೊಂಡಿದ್ನಿ. ಈಗ ಸರಕಾರದವರ ಬರದು ತಿಳಿಸ್ಯಾರ. ಮರದ ಸಾಲು ಮಂಜು ಹಿಡದು ಗುಡ್ಡಿ ಹಾಕತೈತಿ."

"ಅದು ಈ ಮಂಜಲ್ರಿ ಗೌಡ್ರ."

"ಮಂಜಿನ್ಯಾಗ ಎಷ್ಟು ಜಾತಿ ಅದಾವ್ರಿ?"

"ಹೊರಗಿನ ದೇಶದಾಗ ಬೀಳೋ ಹಿಮ ಅದು. ಹಿಂಜಿದ ಹತ್ತಿ ಉದುರಿದಂಗ ಬೀಳತೈತಂತ. ಬಿದ್ದಲ್ಲೇ ಕುಂದರತೈತಂತ."

"ನೀವು ನೋಡೀರೇನು?"

"ಇಲ್ರಿ."

"ನೀವೂ ನೋಡಿಲ್ಲ, ನಾನೂ ನೋಡಿಲ್ಲ. ನೋಡಿದ ಮಂಜು ಬಿಟ್ಟು ನೋಡದ ಮಂಜು ಯಾಕ ನಂಬಬೇಕ್ರಿ?"

ನಾನು ಮಜ್ಜಿಗೆಯ ಲೋಟ ಕೆಳಗಿಟ್ಟೆ. ಗೌಡರು ನನ್ನ ಮುಖ ನೋಡಿ ಮರುಗಿದರು. "ನೀವು ಬ್ಯಾಸರಾಗಬ್ಯಾಡ್ರಿ. ನಿಮ್ಮ ಪಾಟಣಕರ ಸಾಹೇಬ್ರಿಗೆ ಸೀತನಿಗೆ ಬರ್ರಿ ಅಂದೇನಿ. ಅವರಿಗೆ ನೆರಳಿಗೆ ಇರಲಿ ಅಂತ ಅಲ್ಲೀತನಾ ಸಾಲು ಬಿಟ್ಟೇನಿ. ಅವರು ಉಂಡು ಎದ್ದ ಕೂಡಲೆ ಗರಗಸದವರು ಬರತಾರ."

ಎಳೆ ಜೋಳದ ತೆನೆಯನ್ನು ಕುಳ್ಳಿನ ಬೆಂಕಿಯಲ್ಲಿ ಸುಟ್ಟು, ಬಿಸಿಬಿಸಿಯಾಗಿ ತಿಕ್ಕಿ ಕಾಳು ಉದುರಿಸಿ ತಿನ್ನುವ ಸೀತನಿಗೆ ಫಕ್ಕೀರಗೌಡರ ಹೊಲ ಹೆಸರಾಗಿತ್ತು. ಪ್ರತಿ ಚಳಿಗಾಲ ಅಧಿಕಾರಿಗಳನ್ನೂ ನೆಂಟರನ್ನೂ ಕರೆದು ತಿನ್ನಿಸುವುದು ಅವರಿಗೆ ದೊಡ್ಡ ಸಂತೋಷ. ಸೀತನಿಗೆ ಕಾಳಿನಲ್ಲಿ ಹಾಲಿರಬೇಕು. ಹಾಲು ಆರಿ ಗಟ್ಟಿಯಾದರೆ ಮುಗಿಯಿತು.

ಸಾಹೇಬರು ಹೇಳಿದ ದಿನ ಬರಲಿಲ್ಲ. ಬಸ್ಸಿನ ಒಲೆ ಕೆಟ್ಟಿತ್ತು. ಇನ್ನೊಂದು ದಿನ ಗೊತ್ತಾಯಿತು, ಅದೂ ಮುಂದೆ ಹೋಯಿತು. ಅಷ್ಟರಲ್ಲಿ ಮೂಡಗಾಳಿ ಹಿಡಿಯಿತು. ಆ ವರ್ಷದ್ದು ಹಗಲೆಲ್ಲ ಬಿಡುವಿಲ್ಲದ ಗಾಳಿ. ತಲೆಯ ಮೇಲೆ ಸೆರಗು ನಿಲ್ಲುತ್ತಿರಲಿಲ್ಲ.

ಒಂದು ಮುಂಜಾನೆ ನಾನೂ ಇಮಾಮಸಾಬರೂ ನಿಂಗವ್ವನ ಹೊಲದಲ್ಲಿ ಮಣ್ಣು ತೆಗೆಯುತ್ತಿದ್ದೆವು. ಸಾಲು ದಾಟಿ ಗೌಡರು ಬಂದರು. ಕೈಯಲ್ಲಿ ಅವರದೇ ಹೊಲದ ತೆನೆ, ಬಾಯಲ್ಲಿ ಅದರ ಕಾಳು. ಅಗಿಯುತ್ತಿದ್ದರು, ಅದು ನುರಿಯುತ್ತಿರಲಿಲ್ಲ.

"ಬರ್ರಿ ಗೌಡ್ರ, ಕುಂದರ್ರಿ," ಎಂದಳು ನಿಂಗವ್ವ. "ಏನು, ಗಡ್ಯಾರದಂಗ ಹಲ್ಲು ಕಟಕಟ ಅನ್ನಾಕತ್ತಾವ."

ಗೌಡರು ಕಾಳನ್ನು ಉಗುಳಿದರು. ಅವಳ ಜೋಳದಲ್ಲಿ ಕೈಯಾಡಿಸಿ ಒಂದು ತೆನೆ ಬಾಗಿಸಿ ಉಗುರು ಊರಿದರು. ಬಿಳಿ ಹಾಲು ಚಿಮ್ಮಿತು.

"ಇದರಾಗ ಇನ್ನೂ ಹಾಲೈತಲ್ಲ."

"ಹಾಲಿರಲಾರದ ಏನಿರತೈತ್ರಿ? ನಿಮ್ಮದರಾಗ ಇಲ್ಲೇನು?"

"ನನ್ನದು ಕಲ್ಲಾಗೇತಿ."

"ಅಯ್ಯ, ಸಾಹೇಬ್ರನ್ನ ಸೀತನಿಗೆ ಕರದೀರಂತಲ್ರಿ. ಕಲ್ಲು ಸುಟ್ಟು ಕೊಡತೀರೇನು?"

ಇಮಾಮಸಾಬರು ಜೋರಾಗಿ ಕೆಮ್ಮಿದರು. ಗೌಡರು ಕೆಮ್ಮಿನ ಕಡೆ ನೋಡಲಿಲ್ಲ.

"ಅದಕ್ಕ ಬಂದೇನಿ ನಿಂಗವ್ವ. ಒಂದೆರಡು ಹೊರಿ ತೆನಿ ಕೊಡು."

"ಕೊಡತೇನ್ರಿ. ಆದ್ರ ಹೊತಗೊಂಡು ಹೋಗಾಕ ಕೊಡಂಗಿಲ್ಲ. ಸಾಹೇಬ್ರು ಇಲ್ಲೇ ಬರಲಿ, ನೀವೂ ಬರ್ರಿ. ನನ್ನ ಹೊಲದಾಗ ಕುಣಿ ತೋಡಿ ಸುಡತೇನಿ. ಒಂದು ವರ್ಷ ನಾನೂ ದೊಡ್ಡಕ್ಯಾಗತೇನಿ."

ಗೌಡರು ಒಪ್ಪಿದರು, ಬೇರೆ ದಾರಿಯಿರಲಿಲ್ಲ. ಹೊರಡಲೆಂದು ತಿರುಗಿದವರು ನನ್ನ ಮುಂದೆ ನಿಂತರು.

"ಅಕ್ಕಾರ, ಬಿತ್ತಿದ್ದು ಇಬ್ಬರೂ ಒಂದ ವಾರದಾಗ. ಬೀಜಾನೂ ನನ್ನ ಮನಿದ ಒಯ್ದಾಳ. ನನ್ನದು ಯಾಕ ಕಲ್ಲಾತು?"

ಅಷ್ಟು ವರ್ಷ ಜನ ನನ್ನನ್ನು ಸೂಜಿ ಕೇಳಿದ್ದರು, ಮಂಜಿನ ಗುಡ್ಡೆ ಕೇಳಿದ್ದರು. ನಾನು ಅಳೆದದ್ದನ್ನೇ ಯಾರಾದರೂ ಕೇಳಿದ್ದು ಅದೇ ಮೊದಲು. ಉತ್ತರ ಹೇಳುವ ಬದಲು ಇಮಾಮಸಾಬರನ್ನು ಕರೆದು, ಸಾಲಿನ ಎರಡೂ ಕಡೆ ಒಂದೇ ಆಳದಿಂದ, ಮರದಿಂದ ಒಂದೇ ದೂರದಿಂದ ಮಣ್ಣು ತೆಗೆಸಿದೆ. ಎರಡನ್ನೂ ಗೌಡರ ಎರಡು ಕೈಗೆ ಹಾಕಿದೆ. ಹಸಿ ನೋಡಲು ರೈತರು ಮಾಡುವಂತೆ ಅವರು ಎರಡನ್ನೂ ಹಿಡಿಮಾಡಿ ಒತ್ತಿ ಬಿಟ್ಟರು. ಒಂದು ಕೈಯಲ್ಲಿ ಉಂಡೆ ಕಟ್ಟಿತು. ಇನ್ನೊಂದು ಬೆರಳಿನ ಸಂದಿಯಿಂದ ಉದುರಿತು.

"ಪುಡಿ ಆದದ್ದು ನನ್ನದು," ಎಂದರು, ನಾನು ಹೇಳುವ ಮೊದಲೇ.

"ಹೌದ್ರಿ. ಮೂಡಗಾಳಿ ನಿಮ್ಮ ಹೊಲದ ಹಸಿ ಎತಗೊಂಡು ಬರತೈತಿ. ಸಾಲಿಗೆ ಬಡದು ಸೋಲತೈತಿ. ಆಕಡೆ ಹೊಲದ ಹಸಿ ಎತ್ತಾಕ ಅದಕ್ಕ ಶಕ್ತಿ ಉಳಿಯಂಗಿಲ್ಲ. ಹಸಿ ಇದ್ದಲ್ಲಿ ತೆನಿ ತಡಾ ಮಾಡಿ ಬಲೀತಾವ."

"ಹಂಗಾರ ಮರ ನನ್ನವು, ಹಸಿ ಆಕಿದು?"

"ಹಿಂಗಾರ್ಯಾಗ ಆಕಿದು. ಆಷಾಢದ ಗಾಳಿ ಪಡುವಣದಿಂದ ಬರತೈತೆಲ್ರಿ, ಆಗ ಸಾಲಿನ ಮರಿ ನಿಮ್ಮ ಕಡೆ. ನಿಮ್ಮ ಹೆಸರಿನ ಬೆಳಿಗೆ."

"ಅದನ್ನೂ ಅಳದೀರಿ?"

"ಅಳದೇನ್ರಿ."

"ಮತ್ತ ತೊಗರಿ ಹೂವು? ಅದನ್ನ ಉದುರಿಸಿದ್ದು ಈ ಸಾಲೋ ಅಲ್ಲೋ?"

ಅಲ್ಲ ಎಂದುಬಿಡುವುದು ಆಗ ಬಹಳ ಸುಲಭವಿತ್ತು. ಸಾಲೂ ಉಳಿಯುತ್ತಿತ್ತೇನೋ.

"ಅದನ್ನ ನಾನು ಅಳದಿಲ್ರಿ ಗೌಡ್ರ. ನನಗ ಗೊತ್ತಿಲ್ಲ."

ಗೌಡರು ಕೈಯ ಮಣ್ಣು ಕೊಡವಿದರು. ಧೋತರಕ್ಕೆ ಒರೆಸಿಕೊಂಡು ಸಾಲು ದಾಟಿ ಹೋದರು. ಕೆಡಿಸಿಬಿಟ್ಟೆ ಎಂದುಕೊಂಡೆ. "ಒಂದು ಮಾತು ಜಾಸ್ತಿ ಹೇಳಿದ್ರ ನಿಮ್ಮ ಗಂಟೇನು ಹೋಗತಿತ್ತು ಬಾಯಿ?" ಎಂದರು ಇಮಾಮಸಾಬರು. ಧಾರವಾಡ ಮುಟ್ಟುವವರೆಗೆ ಅದನ್ನೇ ಬೇರೆ ಬೇರೆ ರೀತಿಯಲ್ಲಿ ಹೇಳಿದರು.

ಸಾಹೇಬರು ಕಡೆಗೂ ಬಂದರು. ನಿಂಗವ್ವ ಸೀರೆಯ ಕಚ್ಚೆ ಬಿಗಿದು, ಕುಣಿಯ ಕೆಂಡದಲ್ಲಿ ತೆನೆ ಹೂಳಿ, ಕಂಬಳಿಯ ಮೇಲೆ ತಿಕ್ಕಿ, ಹಸಿರು ಕಾಳನ್ನು ಮೊರದಲ್ಲಿ ಕೇರಿ ಎಲ್ಲರ ಮುಂದೆ ರಾಶಿ ಹಾಕಿದಳು. ಬೆಲ್ಲ, ಅಗಸಿ ಹಿಂಡಿ, ಗಟ್ಟಿ ಮೊಸರು. ಸಾಲಿನ ಮರೆಯಲ್ಲಿ ಕೂತಿದ್ದರಿಂದ ಮೊರದ ಹೊಟ್ಟು ಕೂಡ ಹಾರುತ್ತಿರಲಿಲ್ಲ. ಸಾಹೇಬರು ಮೂರು ಸಲ ನೀಡಿಸಿಕೊಂಡು ತಿಂದರು.

"ಗೌಡರೇ, ಈ ದಿವಸದಲ್ಲಿ ಸೀತನಿ ಎಲ್ಲೂ ಇಲ್ಲ. ನಾನು ಆಶಾ ಬಿಟ್ಟಿದ್ದೆ. ಇದು ಎಲ್ಲಿಂದ?"

"ನಿಂಗವ್ವನದ್ರಿ. ಸಾಲಿನ ಮರ್ಯಾಗ ಉಳದೈತಿ." ಗೌಡರು ಕಿಸೆಯಿಂದ ಹಾಳೆ ತೆಗೆದರು. "ಸಾಹೇಬ್ರ, ನೀವು ದೊಡ್ಡವರು, ಖರೆ ಹೇಳ್ರಿ. ಈ ಮಂಜಿನ ಗುಡ್ಡಿ ಎಲ್ಲೈತ್ರಿ? ನೀವರ ನೋಡೀರೇನು?"

ಸಾಹೇಬರು ಓದಿದರು. ಮತ್ತೊಮ್ಮೆ ಓದಿದರು. ನನ್ನ ಕಡೆ ತಿರುಗಿ, "ಮಂಜು ಅಂದರೆ ಇವರು ಯಾವುದು ತಿಳಿದಾರ ಬಾಯಿ?" ಎಂದು ಕೇಳಿದರು. ಮುಂಜಾನೆಯ ಹೊಗೆಯನ್ನು ಎಂದೆ. ತೊಗರಿ ಹೂವಿನ ಕತೆಯನ್ನೂ ಹೇಳಿದೆ. ಅವರಿಗೆ ನಗು ಬಂತು. ಬಾಯಲ್ಲಿ ಸೀತನಿ ಇತ್ತು, ನೆತ್ತಿಗೇರಿತು. ನಿಂಗವ್ವ ಮಜ್ಜಿಗೆ ಕೊಟ್ಟು, "ಸಾವಕಾಶ ತಿನ್ರಿ ಸಾಹೇಬ್ರ, ಇನ್ನೂ ಭಾಳ ಐತಿ" ಎಂದಳು.

"ಚೂಕ ನನ್ನದು," ಎಂದರು ಸಾಹೇಬರು ಕಣ್ಣೊರೆಸಿಕೊಂಡು, ಎಲ್ಲರಿಗೂ ಕೇಳುವಂತೆ. "ಈ ಬಾಯಿ ಹಿಮ ಅಂತ ಬರೆದರು, ನಾನು ಮಂಜು ಮಾಡಿದೆ." ತಾವು ಚಿಕ್ಕಂದಿನಲ್ಲಿ ಮಾವನೊಡನೆ ಉತ್ತರಕ್ಕೆ ಹೋದಾಗ ಒಮ್ಮೆ ಹಿಮ ನೋಡಿದ್ದನ್ನು, ಅದನ್ನು ಚಡ್ಡಿಯ ಕಿಸೆಯಲ್ಲಿ ತುಂಬಿಕೊಂಡು ಒದ್ದೆಯಾದದ್ದನ್ನು ತಮ್ಮ ಕನ್ನಡದಲ್ಲಿ ವರ್ಣಿಸಿದರು. ಗೌಡರು ಬಹಳ ಗಮನವಿಟ್ಟು ಕೇಳಿದರು.

ಆಗ ಗರಗಸದವರು ಬಂದರು. ಊಟ ಮುಗಿದಿರುತ್ತದೆ ಎಂದು ಗುತ್ತೇದಾರ ಕಳಿಸಿದ್ದ. ಸಾಲಿನ ಬುಡದಲ್ಲಿ ಗರಗಸ ಇಳಿಸಿ ನಿಂತರು.

"ಬರ್ರೆಪ್ಪಾ, ಕುಂದರ್ರಿ, ಸೀತನಿ ತಿನ್ರಿ," ಎಂದರು ಗೌಡರು. ಅವರು ಕೂತು ತಿಂದರು. ತಿಂದಾದ ಮೇಲೆ ಅವರಲ್ಲಿ ಹಿರಿಯನು ಕೇಳಿದ: "ಯಾವ ಕಡೆಯಿಂದ ಸುರು ಮಾಡೂಣ್ರಿ?"

ನಾನು ನನ್ನ ಅಂಗೈಯ ಕಾಳನ್ನೇ ನೋಡುತ್ತಿದ್ದೆ.

"ಕೆರಿ ದಂಡ್ಯಾಗ ನನ್ನವು ಬಿದ್ದ ಮರ ಅದಾವ. ಅವನ್ನ ಒಯ್ರಿ," ಎಂದರು ಗೌಡರು. "ಇದನ್ನ ಮುಟ್ಟಬ್ಯಾಡ್ರಿ. ನಿಮ್ಮ ಗುತ್ತೇದಾರಗ ನಾ ಹೇಳತೇನಿ." ಬಳಿಕ ನನ್ನ ಕಡೆ ನೋಡದೆ, ಸಾಹೇಬರಿಗೆ ಹೇಳಿದರು: "ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅಂದ್ರು ನಿಮ್ಮ ಅಕ್ಕಾರು. ಹಂಗಾರ ಗೊತ್ತೈತಿ ಅಂದದ್ದು ಖರೆ ಇರಬೇಕು."

ನನ್ನ ನೌಕರಿಯಲ್ಲಿ ನನಗೆ ಸಿಕ್ಕ ಪ್ರಶಂಸೆ ಅದೊಂದೇ ಎಂದಲ್ಲ. ಬೇರೆಯವು ಈಗ ನೆನಪಿಲ್ಲ.

ಗೌಡರು ನಿಂಗವ್ವನ ಕಡೆ ತಿರುಗಿದರು. "ಕೇಳು. ಮರ ನಂದು, ಮರಿ ನಿಂದು, ಸೀತನಿ ಇಬ್ಬರದು. ಒಪ್ಪಿಗಿ ಏನು?"

"ಒಪ್ಪಿಗ್ರಿ," ಎಂದಳು ನಿಂಗವ್ವ, ಮೊರ ಕೇರುತ್ತಲೇ. "ಆದ್ರ ಆಷಾಢದಾಗ ಮರಿ ನಿಮ್ಮ ಕಡೆ ಬರತೈತಿ ಅಂತ ಅಕ್ಕಾರು ಹೇಳಿದ್ದು ನಾನೂ ಕೇಳೇನಿ. ಆವಾಗ ಹೆಸರಕಾಯಿ ಯಾರದು?"

ಗೌಡರು ನನ್ನನ್ನು ನೋಡಿದರು. "ಅಕ್ಕಾರ, ಅದನ್ನ ಈಕಿ ಮುಂದ ಹೇಳಬೇಕಾಗಿತ್ತೇನ್ರಿ?"

ಸಾಹೇಬರಿಗೆ ಮತ್ತೆ ನೆತ್ತಿಗೇರಿತು.

ಮುಂದಿನ ಶ್ರಾವಣದಲ್ಲಿ ನಾನು ಮಣ್ಣು ತೆಗೆಯಲು ಹೋದಾಗ ಗೌಡರ ಹೊಲದಲ್ಲಿ ಹೆಸರು ಕಾಯಿ ಹಿಡಿದು ನಿಂತಿತ್ತು. ಅದರ ನಡುವೆ ನಿಂಗವ್ವ ಬಗ್ಗಿ, ಮಡಿಲು ತುಂಬ ಎಳೆ ಕಾಯಿ ಬಿಡಿಸುತ್ತಿದ್ದಳು. ಗೌಡರು ಬದುವಿನ ಮೇಲೆ ಕೂತು ತಾವೂ ಒಂದೊಂದೇ ಸುಲಿದು ತಿನ್ನುತ್ತ ಅವಳನ್ನು ಗದರುತ್ತಿದ್ದರು.

"ಅಲ್ಲಿ ಮರದ ಬುಡಕ್ಕ ಏನು ಹುಡಕತೀ? ಸ್ವಲ್ಪ ಈಚೆ ಬಾ, ಇಲ್ಲಿ ಹಸಿ ಹೆಚ್ಚೈತಿ. ಅಕ್ಕಾರು ಅಳದಾರ."